ಮಾರಿಯೊ ಹಾಡು ಗೊತ್ತು, ಕಟ್ಟಿದವರು ಗೊತ್ತೇ?

ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ನಾನು ಕೀಬೋರ್ಡ್ ನುಡಿಸುತ್ತೇನೆ. ಸೌಂಡ್ ಚೆಕ್ ಹೊತ್ತಿನಲ್ಲಿ ‘ಸೂಪರ್ ಮಾರಿಯೊ’ದ ಮೊದಲ ಏಳು ಸ್ವರ ಒತ್ತಿದರೆ ಸಾಕು, ಶಾಮಿಯಾನ ಕಟ್ಟುತ್ತಿರುವವರೂ ತಿರುಗಿ ನೋಡುತ್ತಾರೆ. ಅದು ಯಾರ ಸಂಗೀತ ಎಂದರೆ ಮಾತ್ರ ಉತ್ತರವಿಲ್ಲ. ಹಂಸಲೇಖ ಅವರ ಹಾಡನ್ನು ಆರಂಭದ ಬಿಟ್‌ನಲ್ಲೇ ಗುರುತಿಸುವ ಜನ ನಾವು. ಮಾರಿಯೊಗೆ ಸಂಗೀತ ಕೊಟ್ಟ ಕೋಜಿ ಕೊಂಡೊ ಎಂಬ ಹೆಸರೂ ನಮ್ಮ ಬಾಯಲ್ಲಿರಬೇಕು ಎಂದು ನಾನು ವಾದಿಸುತ್ತೇನೆ.

ಆ ಹೆಸರು ನಮ್ಮವರೆಗೆ ಬರದಿದ್ದುದಕ್ಕೆ ಕಾರಣವಿದೆ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳ ಟಿವಿಗೆ ಸಿಕ್ಕಿಸಿದ್ದು ಹೆಚ್ಚಾಗಿ ನಿಂಟೆಂಡೊ ಯಂತ್ರದ ನಕಲುಗಳನ್ನು. ಕ್ಯಾಸೆಟ್‌ನ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂದು ಅಚ್ಚು ಹಾಕಿರುತ್ತಿದ್ದರು, ಸಂಗೀತ ಕೊಟ್ಟವರ ಸುಳಿವೇ ಇರುತ್ತಿರಲಿಲ್ಲ. ಜಪಾನಿನಲ್ಲೂ ಕೆಲವು ಕಂಪನಿಗಳು, ತಮ್ಮವರನ್ನು ಬೇರೆಯವರು ಸೆಳೆದುಕೊಂಡಾರೆಂದು, ಆಟದ ಕೊನೆಯಲ್ಲಿ ಅಡ್ಡಹೆಸರುಗಳನ್ನಷ್ಟೇ ತೋರಿಸುತ್ತಿದ್ದವು. 1987ರ ‘ರಾಕ್‌ಮ್ಯಾನ್’ಗೆ ಸಂಗೀತ ಕೊಟ್ಟ ಮನಾಮಿ ಮತ್ಸುಮಾಯೆ ಅಂಥ ಅಡ್ಡಹೆಸರಿನ ಹಿಂದೆ ಉಳಿದ ಹೆಣ್ಣುಮಗಳು.

1985ರ ಮಾರಿಯೊ ಹಾಡನ್ನು ನುಡಿಸುವವನ ಕಿವಿಯಿಂದ ಕೇಳಿ. ಅದು ನಿಂತಿರುವುದು ನಾಲ್ಕೇ ಧ್ವನಿಗಳ ಮೇಲೆ: ರಾಗಕ್ಕೂ ಅದರ ಜೊತೆದನಿಗೂ ಎರಡು, ಬೇಸ್‌ಗೆ ಒಂದು, ತಾಳಕ್ಕೆ ಬರೀ ಗೊರಗೊರ ಸದ್ದಿನ ಇನ್ನೊಂದು. ಮಾರಿಯೊ ಎಗರುವ ಸದ್ದಿಗೂ ಇವುಗಳಲ್ಲೇ ಒಂದು ಜಾಗ ಬಿಡಬೇಕು. ಆದರೂ ಹಾಡು ತುಂಡಾಗುವುದಿಲ್ಲ! ಇಡೀ ಆಟವೇ 40 ಕಿಲೋಬೈಟ್, ಸಂಗೀತಕ್ಕೆ ಅದರಲ್ಲೊಂದು ಮೂಲೆ. ಅಷ್ಟರಲ್ಲೇ ನೆಲದ ಮೇಲೆ ಕುಣಿಯುವ ಲಯ, ನೀರಿಗಿಳಿದರೆ ಮೂರೆಣಿಕೆಯ ವಾಲ್ಟ್ಸ್, ನೆಲಮಾಳಿಗೆಯಲ್ಲಿ ತುಂಡುತುಂಡು ಬೇಸ್. ಸಮಯ ನೂರಕ್ಕಿಂತ ಕೆಳಗಿಳಿದರೆ ಅದೇ ಹಾಡು ಓಡತೊಡಗುತ್ತದೆ, ನಮ್ಮ ಬೆರಳೂ ಅದರೊಂದಿಗೆ. ಪರದೆಯಲ್ಲಿ ನಡೆಯುವುದಕ್ಕೆ ಕೊಂಡೊ ಲಯ ಹೊಂದಿಸಿದ್ದರು. ಹಿನ್ನೆಲೆಗೆಂದು ಏನನ್ನೋ ತುಂಬಿರಲಿಲ್ಲ.

ಈಗಿನ ದೊಡ್ಡ ಆಟಗಳಿಗೆ ಪೂರ್ಣ ಆರ್ಕೆಸ್ಟ್ರಾ ಇರುತ್ತದೆ. ಕೇಳಲು ಭವ್ಯ, ಎದ್ದು ಹೋಗುವಾಗ ಗುನುಗಲು ಒಂದು ಸಾಲು ಸಿಗುವುದು ಅಪರೂಪ. ನಾಲ್ಕೇ ಧ್ವನಿಯಿದ್ದಾಗ ರಾಗ ಗಟ್ಟಿಯಾಗಿರಲೇಬೇಕಿತ್ತು, ಮರೆಮಾಚಲು ಬೇರೇನೂ ಇರಲಿಲ್ಲ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ಮಾರಿಯೊ ಹಾಡನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಹೋದ ಮೊದಲ ವಿಡಿಯೊ ಗೇಮ್ ಸಂಗೀತ ಅದು. ನಮ್ಮ ಬಡಾವಣೆಗಳ ಕೀಬೋರ್ಡ್ ಕ್ಲಾಸುಗಳು ಮಾತ್ರ ಇದನ್ನು ಮಕ್ಕಳಾಟವೆಂದು ಹೊರಗಿಟ್ಟಿವೆ. ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಎರಡನೇ ವರ್ಷದ ಮಕ್ಕಳಿಗೆ ಆ ನೀರಿನ ಹಂತದ ವಾಲ್ಟ್ಸ್ ಕೊಡಿ. ಎಡಗೈಗೆ ಮೂರೆಣಿಕೆ ಕೂರಿಸಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹಾಳೆಯ ಮೇಲ್ಗಡೆ ಕೋಜಿ ಕೊಂಡೊ ಎಂದು ಬರೆಸಿ.