ಜೋಳವಾಳಿಯೂ ಸತ್ಯವೂ

ದೂರದ ಬೆಟ್ಟವು ಕಣ್ಣಿಗೆ ನುಣ್ಣಗೆ ಕಾಣುವಂತೆ ಯುದ್ಧದ ವಾರ್ತೆಯೂ ದೂರದಲ್ಲಿರುವವರ ಕಿವಿಗೆ ರಮ್ಯವಾಗಿಯೇ ಕೇಳಿಸುವುದು. ಮನೆಯ ಜಗುಲಿಯಲ್ಲಿ ಕುಳಿತು ವೃತ್ತಪತ್ರಿಕೆಯನ್ನೋದುವ ವಿದ್ಯಾವಂತನು ಸೈನಿಕನ ಶೌರ್ಯವನ್ನು ಕೊಂಡಾಡುವುದರಲ್ಲಿ ಎಂದಿಗೂ ಹಿಂದೆಗೆಯನು. ಆದರೆ ಅದೇ ಸೈನಿಕನು ರಣರಂಗದಿಂದ ಹಿಂದಿರುಗಿ, ಈ ಯುದ್ಧವು ಅನ್ಯಾಯವಾದುದು, ಇದನ್ನು ನಿಲ್ಲಿಸಬೇಕು ಎಂದು ಬಾಯಿ ತೆರೆದೊಡನೆ ಆ ಕೊಂಡಾಟವೆಲ್ಲವೂ ಅಡಗಿಹೋಗಿ, ಹೇಡಿ, ಹುಚ್ಚ, ಸ್ವಾಮಿದ್ರೋಹಿ ಎಂಬ ಮೂರು ಬಿರುದುಗಳು ಅವನಿಗೆ ಸಲ್ಲುವುವು. ಈ ಬಿರುದುಗಳು ಎಷ್ಟರ ಮಟ್ಟಿಗೆ ನ್ಯಾಯವಾದುವೆಂಬುದನ್ನು ವಿಚಾರಿಸಿ ನೋಡತಕ್ಕದ್ದು ಆವಶ್ಯಕ.

ಮೊದಲನೆಯದು ಹೇಡಿತನದ ಅಪವಾದ. ಇಂಗ್ಲೆಂಡಿನ ಕವಿ ಸೀಗ್‌ಫ್ರೀಡ್ ಸಸೂನನು ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಹೋರಾಡಿದವನು. ಗುಂಡಿನ ಮಳೆಯ ನಡುವೆ ಗಾಯಗೊಂಡ ಸಂಗಡಿಗರನ್ನು ಎತ್ತಿ ತಂದುದಕ್ಕಾಗಿ 1916ರಲ್ಲಿ ಮಿಲಿಟರಿ ಕ್ರಾಸ್ ಪದಕವನ್ನು ಪಡೆದವನು. ಅಮೇರಿಕದ ಮೇಜರ್ ಜನರಲ್ ಸ್ಮೆಡ್ಲಿ ಬಟ್ಲರನು 33 ವರ್ಷಗಳ ಕಾಲ ಆ ದೇಶದ ನೌಕಾಪದಾತಿದಳದಲ್ಲಿ ಸೇವೆ ಸಲ್ಲಿಸಿ, ಅಲ್ಲಿಯ ಅತ್ಯುನ್ನತವಾದ ಶೌರ್ಯಪದಕವನ್ನು ಎರಡು ಸಲ ಧರಿಸಿದವನು. ಯುದ್ಧವೆಂಬುದು ಕೆಲವರ ಲಾಭಕ್ಕಾಗಿ ಅನೇಕರ ಪ್ರಾಣವನ್ನು ತೆರುವ ವ್ಯಾಪಾರವೆಂದು 1935ರಲ್ಲಿ ಪುಸ್ತಕವನ್ನೇ ಬರೆದು ಸಾರಿದವನು ಇವನು. ಇಂಥವರನ್ನು ಹೇಡಿಗಳೆನ್ನುವುದಾದರೆ ಶೂರರನ್ನು ಎಲ್ಲಿ ಹುಡುಕಬೇಕು? ಬಂದೂಕದ ಸದ್ದನ್ನೇ ಕೇಳದವರ ಜಗುಲಿಗಳಲ್ಲಿಯೆ?

ಎರಡನೆಯದು ಹುಚ್ಚಿನ ಅಪವಾದ. ಆತ್ಮರಕ್ಷಣೆಗಾಗಿ ಆರಂಭವಾದ ಯುದ್ಧವು ಪರರನ್ನು ಗೆಲ್ಲುವ ಯುದ್ಧವಾಗಿ ಮಾರ್ಪಟ್ಟಿತೆಂದು ಸಸೂನನು 1917ರಲ್ಲಿ ಒಂದು ಹೇಳಿಕೆಯನ್ನು ಪ್ರಕಟಿಸಿದನು. ಅದನ್ನು ಆ ವರ್ಷದ ಜುಲೈ 30ರಂದು ಪಾರ್ಲಿಮೆಂಟಿನಲ್ಲಿ ಓದಲಾಯಿತು. ಮೇಲಧಿಕಾರಿಗಳ ಆಜ್ಞೆಯನ್ನು ಬುದ್ಧಿಪೂರ್ವಕವಾಗಿಯೇ ಮೀರುತ್ತಿರುವೆನೆಂದು ಅವನು ಹೇಳಿದ್ದರೂ ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಲಿಲ್ಲ. ಅವನ ಮನಸ್ಸು ಕೆಟ್ಟಿದೆಯೆಂದು ವೈದ್ಯರ ಮಂಡಲಿಯಿಂದ ಹೇಳಿಸಿ, ಎಡಿನ್‌ಬರೋ ನಗರದ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಕಳುಹಿಸಲಾಯಿತು. ಅವನನ್ನು ಶಿಕ್ಷೆಯಿಂದ ಉಳಿಸಲು ಸ್ನೇಹಿತನೇ ಇದಕ್ಕೆ ಶ್ರಮಿಸಿದನೆಂಬುದು ನಿಜ. ಆದರೆ ಉತ್ತರವಿಲ್ಲದ ಪ್ರಶ್ನೆಯಿಂದ ಸರಕಾರವೂ ಉಳಿದುಕೊಂಡಿತು. ವಿಚಿತ್ರವೆಂದರೆ, ಮರುವರ್ಷವೇ ಅವನನ್ನು ಮತ್ತೆ ರಣರಂಗಕ್ಕೆ ಬರಮಾಡಿಕೊಂಡು, ಸೈನಿಕರ ಪ್ರಾಣಗಳನ್ನು ಅವನ ಕೈಗೇ ಒಪ್ಪಿಸಲಾಯಿತು! ಯುದ್ಧ ಮಾಡುವಾಗ ನೆಟ್ಟಗಿರುವ ಬುದ್ಧಿಯು ಯುದ್ಧ ಬೇಡವೆನ್ನುವಾಗ ಮಾತ್ರ ಕೆಡುವುದೆ?

ಮೂರನೆಯ ಅಪವಾದವೇ ಎಲ್ಲಕ್ಕಿಂತ ಭಾರವಾದುದು. ಕನ್ನಡದ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಜೋಳವಾಳಿಯೆಂಬ ಮಾತುಂಟು. ಒಡೆಯನ ಜೋಳವನ್ನುಂಡವನು ಸಮಯ ಬಂದಾಗ ಪ್ರಾಣವನ್ನು ತೆತ್ತಾದರೂ ಆ ಋಣವನ್ನು ತೀರಿಸಬೇಕೆಂದು ಅದರ ಭಾವ. ಅನ್ನವಿಕ್ಕಿದ ರಾಜ್ಯದ ಮೇಲೆಯೇ ದೂರು ಹೇಳುವ ಸೈನಿಕನು ಈ ಋಣಕ್ಕೆ ತಪ್ಪಿದವನಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆಯು ಯೋಗ್ಯವಾದುದೇ. ಆದರೆ ಜೋಳವು ಯಾರದು? ಪ್ರಜಾರಾಜ್ಯದಲ್ಲಿ ಅದು ಮಂತ್ರಿಗಳದೂ ಅಲ್ಲ, ಸೇನಾಪತಿಗಳದೂ ಅಲ್ಲ; ಉತ್ತು ಬಿತ್ತುವ, ತೆರಿಗೆ ತೆರುವ, ಮಕ್ಕಳನ್ನು ಸೈನ್ಯಕ್ಕೆ ಕೊಡುವ ಜನರದು. ಅವರ ಹೆಸರಿನಲ್ಲಿ ನಡೆದುದನ್ನು ಅವರಿಗೆ ತಿಳಿಸದೆ ಮುಚ್ಚಿಡುವುದೇ ನಿಜವಾದ ಋಣದ್ರೋಹ.

ವಿಯೆಟ್ನಾಮಿನಿಂದ ಹಿಂದಿರುಗಿದ ಅಮೇರಿಕದ ಸೈನಿಕರು ಈ ಋಣವನ್ನೇ ತೀರಿಸಿದರು. ಅವರಲ್ಲಿ ಆರು ಮಂದಿ 1967ರಲ್ಲಿ ಯುದ್ಧವಿರೋಧಿ ಸಂಘವೊಂದನ್ನು ಕಟ್ಟಿದರು. 1971ರ ಆರಂಭದಲ್ಲಿ ಡೆಟ್ರಾಯಿಟ್ ನಗರದಲ್ಲಿ ನೂರಕ್ಕೂ ಹೆಚ್ಚು ಜನರು ಮೂರು ದಿನಗಳ ಕಾಲ ತಾವು ಕಂಡ, ಕೆಲವರು ತಾವೇ ಮಾಡಿದ, ಕ್ರೌರ್ಯಗಳನ್ನು ಬಹಿರಂಗವಾಗಿ ಹೇಳಿಕೊಂಡರು. ಆ ವರ್ಷದ ಏಪ್ರಿಲ್ 23ರಂದು ನೂರಾರು ಸೈನಿಕರು ವಾಷಿಂಗ್ಟನ್ನಿನ ಶಾಸನಸಭಾಮಂದಿರದ ಮುಂದೆ ನಿಂತು, ರಕ್ತ ಸುರಿಸಿ ಗಳಿಸಿದ ಪದಕಗಳನ್ನು ಬೇಲಿಯಾಚೆಗೆ ಎಸೆದರು. ಪದಕಕ್ಕಾಗಿ ಪ್ರಾಣವನ್ನೊಡ್ಡುವವರುಂಟು, ಸತ್ಯಕ್ಕಾಗಿ ಪದಕವನ್ನು ಬಿಡುವವರು ವಿರಳ. ಸಂಗಡಿಗರನ್ನೂ ಅವರು ಮರೆಯಲಿಲ್ಲ. ಯುದ್ಧದಿಂದ ಮನಸ್ಸಿಗಾದ ಗಾಯವನ್ನು ಕುರಿತು ತಮ್ಮತಮ್ಮೊಳಗೆ ಮಾತನಾಡಿಕೊಳ್ಳಲು ಅವರು ಆರಂಭಿಸಿದ ಕೂಟಗಳ ಪ್ರಯತ್ನವೂ ಸೇರಿ, 1980ರಲ್ಲಿ ಅಮೇರಿಕದ ಮನೋವೈದ್ಯರು ಆ ಬೇನೆಗೆ ತಮ್ಮ ಗ್ರಂಥದಲ್ಲಿ ಸ್ಥಾನ ಕೊಟ್ಟರು.

ಇಂಥ ಮಾತುಗಳಿಂದ ಶತ್ರುವಿಗೆ ಧೈರ್ಯ ಬರುವುದೆಂದೂ ದೇಶರಕ್ಷಣೆಯು ಕೆಡುವುದೆಂದೂ ಕೆಲವರ ಆಕ್ಷೇಪಣೆ. ದೇಶರಕ್ಷಣೆ ಬೇಡವೆಂದು ಬಟ್ಲರನು ಹೇಳಲಿಲ್ಲ. ಸೈನ್ಯವು ಸ್ವದೇಶದ ರಕ್ಷಣೆಗೆ ಮಾತ್ರ ಇರಲಿ, ಯುದ್ಧ ಬೇಕೆ ಬೇಡವೆ ಎಂಬ ಮತವನ್ನು ಅದರಲ್ಲಿ ಸಾಯಬೇಕಾದವರೇ ಕೊಡಲಿ ಎಂದನು. ಸುಳ್ಳಿನ ಆಸರೆಯಿಲ್ಲದೆ ನಡೆಯಲಾರದ ಯುದ್ಧವು ನಿಂತುಹೋದರೆ ದೇಶಕ್ಕೆ ಯಾವ ನಷ್ಟ? ವಿಯೆಟ್ನಾಮಿನಲ್ಲಿ ಅಮೇರಿಕದ 58,000ಕ್ಕೂ ಹೆಚ್ಚು ಸೈನಿಕರು ಸತ್ತರು. ಆ ನಾಡಿನವರೇ ಲಕ್ಷಗಟ್ಟಲೆ ಸತ್ತರು. ಹಿಂದಿರುಗಿದವರ ಮಾತಿಗೆ ಮೊದಲೇ ಕಿವಿಗೊಟ್ಟಿದ್ದರೆ ಇವರಲ್ಲಿ ಎಷ್ಟೋ ಮಂದಿ ಉಳಿಯುತ್ತಿದ್ದರು.

ಮನೆಯಲ್ಲಿ ಸುಖವಾಗಿ ಕುಳಿತವರ ನಿರ್ದಯವಾದ ಸಮಾಧಾನವನ್ನೂ ಸಸೂನನು ತನ್ನ ಹೇಳಿಕೆಯಲ್ಲಿ ಖಂಡಿಸಿದ್ದನು. ಆ ಖಂಡನೆಯು ಓದುಬರಹ ಬಲ್ಲ ಪ್ರತಿಯೊಂದು ಮನೆಗೂ, ಪ್ರತಿಯೊಂದು ದೇಶದಲ್ಲಿಯೂ ಸಲ್ಲತಕ್ಕದ್ದು. ಸತ್ತ ವೀರನ ಕಲ್ಲಿಗೆ ಕೈಮುಗಿಯುವುದು ಸುಲಭ. ಕಲ್ಲು ತಿರುಗಿ ಮಾತನಾಡದು. ಬದುಕಿ ಬಂದ ವೀರನು ಮಾತನಾಡುತ್ತಾನೆ. ಅವನನ್ನು ಕುಳ್ಳಿರಿಸಿ, ಅವನ ಮಾತನ್ನು ಕಡೆಯವರೆಗೂ ಕೇಳುವುದು ಅವನ ದುಡಿಮೆಯಿಂದ ನೆಮ್ಮದಿಯಾಗಿ ನಿದ್ರಿಸಿದವರು ತೀರಿಸಬೇಕಾದ ಋಣವು.