ಆರೋಗ್ಯದ ಹರಕೆಯೂ ಹೊಳೆಯ ನೀರೂ

ಕಳೆದ ಸೆಪ್ಟೆಂಬರ್ 8ನೆಯ ದಿನ ನಾವು ದಾವಣಗೆರೆಯಿಂದ ಹರಿಹರಕ್ಕೆ ಹೋಗಿದ್ದೆವು. ಅಂದು ಅಲ್ಲಿಯ ಆರೋಗ್ಯಮಾತೆಯ ದೇವಾಲಯದ ವಾರ್ಷಿಕೋತ್ಸವ. ನಮ್ಮೊಡನೆ ಬಹುಕಾಲ ಉಪಾಧ್ಯಾಯರಾಗಿದ್ದ ಕಥೋಲಿಕ ಮಿತ್ರರೊಬ್ಬರು ಪ್ರತಿವರ್ಷವೂ ನಮ್ಮನ್ನು ಕರೆಯುವುದುಂಟು. ಹೋಗಲು ಅನುಕೂಲವಾದದ್ದು ಈ ಸಲವೇ. ಶಿವಮೊಗ್ಗ ಧರ್ಮಪ್ರಾಂತಕ್ಕೆ ಸೇರಿದ ಈ ಕ್ಷೇತ್ರಕ್ಕೆ ಈಚಿನ ವರ್ಷಗಳಲ್ಲಿ ಬಸಿಲಿಕಾ ಎಂಬ ಗೌರವವು ದೊರೆತಿದೆ. ಅಲ್ಲಿಗೆ ಬರುವವರೆಲ್ಲರೂ ಕ್ರೈಸ್ತರಲ್ಲ. ಕಾಯಿಲೆಯ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ತಾಯಂದಿರಲ್ಲಿ ಇಂಥವಳು ಈ ಮತದವಳೆಂದು ಗುರುತಿಸುವುದು ನಮ್ಮಿಂದಾಗಲಿಲ್ಲ. ಎಲ್ಲರ ಬೇಡಿಕೆಯೂ ಒಂದೇ ಆಗಿದ್ದಿತು: ಆರೋಗ್ಯ.

ರೋಗವಿಲ್ಲದವನು ಅರೋಗ, ಅವನ ಭಾವವೇ ಆರೋಗ್ಯ. ಹೀಗೆಂದು ನಾವು ಮೂವತ್ತು ವರ್ಷ ಮಕ್ಕಳಿಗೆ ಪದವನ್ನು ಬಿಡಿಸಿ ಹೇಳಿಕೊಟ್ಟವರು. ಆದರೆ ಆ ಸಂಜೆ ತುಂಗಭದ್ರೆಯ ದಂಡೆಯಲ್ಲಿ ಮಿತ್ರರು ಕೇಳಿದ ಪ್ರಶ್ನೆಗೆ ನಮ್ಮ ವ್ಯಾಕರಣದಲ್ಲಿ ಉತ್ತರವಿರಲಿಲ್ಲ. “ಮೇಷ್ಟ್ರೇ, ಆರೋಗ್ಯ ಬೇಡಲು ಬಂದ ಈ ಜನ ತಮ್ಮ ಊರಿನಲ್ಲಿ ಎಂಥ ನೀರು ಕುಡಿದು ಬಂದಿದ್ದಾರೆಂದು ಕೇಳಿದವರುಂಟೇ?”

ಈ ಪ್ರಶ್ನೆಯು ತಮ್ಮದಲ್ಲ, ಪೋಪ್ ಫ್ರಾನ್ಸಿಸರದೆಂದು ಅವರು ಹೇಳಿದರು. ಮನೆಗೆ ಬಂದ ಮೇಲೆ ಆ ಗ್ರಂಥವನ್ನೂ ಕಳುಹಿಸಿಕೊಟ್ಟರು. ‘ಲೌದಾತೊ ಸಿ’ ಎಂಬ ಈ ಪತ್ರವು 2015ನೆಯ ಜೂನ್ 18ರಂದು ಪ್ರಕಟವಾಯಿತು. ಸೂರ್ಯನನ್ನು ಅಣ್ಣನೆಂದೂ ನೀರನ್ನು ತಂಗಿಯೆಂದೂ ಕರೆದು ಹಾಡಿದ ಅಸಿಸಿಯ ಸಂತ ಫ್ರಾನ್ಸಿಸರ ಗೀತದಿಂದ ಅದರ ಹೆಸರನ್ನು ತೆಗೆದುಕೊಂಡಿದೆ. ಭೂಮಿಯನ್ನು ತಾಯಿಯೆಂದು ಸ್ತುತಿಸುವ ಅಥರ್ವವೇದದ ಸೂಕ್ತವನ್ನು ಓದಿದ ನಮಗೆ ಆ ಭಾವವು ಹೊಸದಾಗಿ ತೋರಲಿಲ್ಲ. ಹೊಸದಾಗಿ ತೋರಿದುದು ನ್ಯಾಯದ ಮಾತು. ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಕೇಳಬೇಕು. ಶುದ್ಧವಾದ ಕುಡಿಯುವ ನೀರು ದಾನವಲ್ಲ, ಹಕ್ಕು. ಒಂದು ಉದ್ಯಮವನ್ನು ಹೂಡುವ ಮೊದಲು ಅದರ ಫಲಾಫಲವನ್ನು ಅನುಭವಿಸತಕ್ಕ ನೆರೆಯವರ ಮಾತಿಗೆ ಬೆಲೆಯಿರಬೇಕು ಎಂದು ಪತ್ರವು ವಾದಿಸುತ್ತದೆ. ಎಂಟು ವರ್ಷಗಳ ತರುವಾಯ, 2023ನೆಯ ಅಕ್ಟೋಬರ್ 4ರಂದು, ಹವಾಮಾನದ ವಿಷಯವಾಗಿಯೇ ಅವರು ಇನ್ನೊಂದು ಪತ್ರವನ್ನು ಬರೆದರು. ಅದರ ಧ್ವನಿ ಇನ್ನೂ ಕಠಿಣ. 2025ನೆಯ ಏಪ್ರಿಲ್ 21ರಂದು ಅವರು ಕಾಲವಾದರು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ವರೆಗಿನ ದಿನಗಳನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ಕಾಲವೆಂದು ಅವರ ಜನರು ಆಚರಿಸುತ್ತಾರೆ. ಹರಿಹರದ ಉತ್ಸವವು ಆ ಕಾಲದಲ್ಲಿಯೇ ಬರುತ್ತದೆ.

ವಾಚಕರು ಇದನ್ನು ದೂರದ ರೋಮಿನ ಮಾತೆಂದು ತಿಳಿಯಬಾರದು. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಮರದಿಂದ ರೇಯಾನಿಗೆ ಬೇಕಾದ ತಿರುಳನ್ನು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು 1970ರ ದಶಕದಲ್ಲಿ ಪ್ರಾರಂಭವಾಯಿತು. ಸಾವಿರಾರು ಮನೆಗಳಿಗೆ ಅದರಿಂದ ಅನ್ನವಾಯಿತೆಂಬುದನ್ನು ಮರೆಯಲಾಗದು. ಆದರೆ 1984ರಲ್ಲಿ ಅದರ ಕೆಳಗಿನ ಹೊಳೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ದಂಡೆಯ ಹಳ್ಳಿಗಳವರು ಮೊರೆಯಿಟ್ಟರು, ಎಸ್. ಆರ್. ಹಿರೇಮಠರೂ ಅವರ ಸಮಾಜ ಪರಿವರ್ತನ ಸಮುದಾಯವೂ ಅವರೊಡನೆ ನಿಂತರು. ಅದೇ ವರ್ಷ ಕಾರ್ಖಾನೆಗೆ ಮರವನ್ನೊದಗಿಸಲು ಸರ್ಕಾರದ ಪಾಲುಗಾರಿಕೆಯಲ್ಲಿ ಒಂದು ಸಂಸ್ಥೆಯು ಹುಟ್ಟಿತು. ಸುಮಾರು 30,000 ಹೆಕ್ಟೇರು ಭೂಮಿಯಲ್ಲಿ ನೀಲಗಿರಿಯನ್ನು ಬೆಳೆಸುವುದು ಅದರ ಸಂಕಲ್ಪ. ಆ ಭೂಮಿಯು ಹಳ್ಳಿಯ ದನಕರುಗಳಿಗೆ ಮೇವು, ಒಲೆಗೆ ಸೌದೆ. ಶಿವರಾಮ ಕಾರಂತರೇ ಮೊದಲಾದವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಲೇರಿದರು. 1987ನೆಯ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಎಂದು ಹೆಸರಾದ ಸತ್ಯಾಗ್ರಹವಿದು. 1991ರಲ್ಲಿ ಆ ಸಂಸ್ಥೆಯು ಮುಚ್ಚಿತು. ಈ ಹೋರಾಟವನ್ನು ಹೂಡಿದುದು ಚರ್ಚಲ್ಲ. ಆದರೆ ನೆರೆಯವರ ಮಾತಿಗೆ ಬೆಲೆಯಿರಬೇಕೆಂದು 2015ರಲ್ಲಿ ರೋಮಿನಿಂದ ಬಂದ ಮಾತನ್ನು ನಮ್ಮ ಒಕ್ಕಲುಮಕ್ಕಳು ಅಷ್ಟು ಮೊದಲೇ ಆಡಿದ್ದರು.

ನಾವೇನು ಮಾಡುತ್ತಿದ್ದೆವೆಂಬುದನ್ನೂ ಹೇಳಿಬಿಡುವುದು ಒಳ್ಳೆಯದು. ಆಗ ನಾವು ಇಪ್ಪತ್ತರ ಪ್ರಾಯದ ಸಂಸ್ಕೃತ ವಿದ್ಯಾರ್ಥಿಗಳು. ಕೆಳದಂಡೆಯ ಹಳ್ಳಿಯೊಂದರಲ್ಲಿದ್ದ ಸೋದರತ್ತೆಯವರ ಮನೆಗೆ ಹೋಗಿ, ಬೆಳಗ್ಗೆ ಹೊಳೆಗೆ ಹೊರಟಾಗ ಆಕೆ ತಡೆದರು: “ತಮ್ಮಾ, ಹೊಳೆಗೆ ಇಳಿಯಬೇಡಪ್ಪಾ. ಮೈ ತುರಿಸುತ್ತದೆ. ಬಾವಿಯ ನೀರು ಸೇದಿಟ್ಟಿದ್ದೇನೆ.” ನಾವು ಬಾವಿಯ ನೀರಿನಲ್ಲಿಯೇ ಮಿಂದು, ಗಂಗೆ ಯಮುನೆ ಮೊದಲಾದ ಏಳು ನದಿಗಳನ್ನು ಆವಾಹನೆ ಮಾಡುವ ಶ್ಲೋಕವನ್ನು ಸ್ವರಶುದ್ಧವಾಗಿ ಹೇಳಿದೆವು. ಹಿತ್ತಲಿನ ಹಿಂದೆಯೇ ಎಂಟನೆಯ ನದಿಯು ಹರಿಯುತ್ತಿದ್ದಿತು. ಅದರ ವಿಷಯವಾಗಿ ಅತ್ತೆಯವರನ್ನು ಒಂದು ಮಾತೂ ಕೇಳದೆ ಮರುದಿನ ದಾವಣಗೆರೆಗೆ ಮರಳಿದೆವು. ಆಕೆ ಈಗಿಲ್ಲ. ಕೇಳದೆ ಬಂದುದು ಮಾತ್ರ ಈಗಲೂ ಚುಚ್ಚುತ್ತದೆ.

ಈಗ ನೀರಿನ ಚಿಂತೆಯು ಆಕಾಶದವರೆಗೂ ಏರಿದೆ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಮರುವರ್ಷದ ಆಗಸ್ಟಿನಲ್ಲಿ ಹೊಸಪೇಟೆಯ ತುಂಗಭದ್ರಾ ಜಲಾಶಯವು ತುಂಬಿನಿಂತಿರುವಾಗ ಅದರ 19ನೆಯ ತೂಬುಬಾಗಿಲು ಕೊಚ್ಚಿಹೋಗಿ, ಕೂಡಿಟ್ಟ ನೀರನ್ನು ಹೊರಕ್ಕೆ ಬಿಡಬೇಕಾಯಿತು. ಜಗತ್ತಿನ ಕಾವು ಏರಿದಂತೆಲ್ಲ ಬರವೂ ಅತಿವೃಷ್ಟಿಯೂ ತೀವ್ರವಾಗುವುವೆಂದು ವಿಜ್ಞಾನಿಗಳು ಹೇಳುತ್ತಾರೆ. ಆ ಕಾವಿಗೆ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಹೆಚ್ಚಾಗಿ ಉರಿಸಿದವರು ಸಿರಿವಂತ ದೇಶದವರು. ಒಣಗಿದ ಹೊಲದ ಮುಂದೆ ಕೈಕಟ್ಟಿ ನಿಲ್ಲುವವರು ಬೇರೆಯವರು. ಪತ್ರವು ಅನ್ಯಾಯವೆಂದು ಕರೆಯುವುದು ಇದನ್ನೇ.

ಈ ಅನ್ಯಾಯದ ಚಿಕ್ಕ ಪ್ರತಿಗಳು ನಮ್ಮ ಮನೆಗಳಲ್ಲಿಯೂ ಉಂಟು. ಸಂಜೆ ನಾವು ಮಿರ್ಚಿಯೊಡನೆ ಮೆಲ್ಲುವ ಮಂಡಕ್ಕಿಯನ್ನು ಹುರಿದವರು ಭಟ್ಟಿಯ ಹೊಗೆಯನ್ನು ಕುಡಿದಿದ್ದಾರೆ. ನಮ್ಮ ಬಚ್ಚಲ ನೀರು ಯಾರ ಊರಿನ ಹಳ್ಳವನ್ನು ಸೇರುತ್ತದೆಂದು ನಾವು ವಿಚಾರಿಸಿದವರಲ್ಲ. ಗಣಪತಿಯನ್ನು ಬಣ್ಣದೊಡನೆ ಹೊಳೆಗೆ ಬಿಡುವವರು ನಾವು. ಜಾತ್ರೆಯ ಪ್ಲಾಸ್ಟಿಕ್ ಚೀಲವನ್ನು ದಂಡೆಯಲ್ಲಿ ಬಿಡುವವರಲ್ಲಿ ಎಲ್ಲ ಮತದವರೂ ಉಂಟು. ಮನೆಯೊಳಗಿನ ಈ ದೋಷಗಳನ್ನು ಗೃಹಿಣಿಯರೂ ಮಕ್ಕಳೂ ಮನಸ್ಸು ಮಾಡಿದರೆ ಒಂದು ಹಬ್ಬದೊಳಗೆ ತಿದ್ದಬಹುದು. ಕಾರ್ಖಾನೆಯ ದೋಷವು ಹಾಗೆ ತಿದ್ದುವಂಥದಲ್ಲ. ಅದಕ್ಕೆ ಕುಸನೂರಿನವರಂತೆ ಹತ್ತು ಜನ ಕೂಡಿ ಕೇಳಬೇಕು. ಕೇಳುವವರನ್ನು ಓದಿದವರು ಒಂಟಿಯಾಗಿ ಬಿಡಬಾರದು.

ಬರುವ ಸೆಪ್ಟೆಂಬರಿನಲ್ಲಿ ಮಿತ್ರರೊಡನೆ ಮತ್ತೆ ಹರಿಹರಕ್ಕೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಅಲ್ಲಿಂದ ಕೆಳದಂಡೆಯ ಹಳ್ಳಿಗೂ ಹೋಗಿ, ಅತ್ತೆಯವರ ಮನೆಯಲ್ಲಿ ಈಗ ಇರುವವರನ್ನು ಹೊಳೆಯ ನೀರು ಹೇಗಿದೆಯೆಂದು ಕೇಳಿ ಬರುವೆವು. ಬಹಳ ತಡವಾದ ಪ್ರಶ್ನೆ, ಆದರೂ ಕೇಳಬೇಕು.