ಹಿರಿಯರ ಕಿವಿ, ಕಿರಿಯರ ಹಾಡು

ನಾಲ್ವರು ತರುಣರು ಕೂಡಿ ಬ್ಯಾಂಡ್ ಕಟ್ಟಿಕೊಂಡರೆಂದರೆ, ಮನೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ತಾವೇ ಹಾಡಿ, ತಾವೇ ಮುದ್ರಿಸಿ, ತಾವೇ ತಿದ್ದಿ ಲೋಕಕ್ಕೆ ಒಪ್ಪಿಸುವುದು ಇಂದು ಸುಲಭಸಾಧ್ಯವಾಗಿರುವಾಗ, ಹಣ ತೆತ್ತು ಅನುಭವಿಯಾದ ಪ್ರೊಡ್ಯೂಸರರೊಬ್ಬರ ಕೈಗೆ ಮೊದಲ ಆಲ್ಬಮನ್ನು ಏಕೆ ಒಪ್ಪಿಸಬೇಕೆಂದು ಅವರು ಕೇಳಿದರೆ ಅದನ್ನು ಔದ್ಧತ್ಯವೆಂದು ತಳ್ಳಿಹಾಕಲಾಗದು. ಹಿರಿಯರ ಕೈ ಸೋಂಕಿ ತಮ್ಮ ಹಾಡಿನ ಸ್ವಂತಿಕೆ ಅಳಿದೀತೆಂಬ ಅವರ ಭಯವೂ ನಿರಾಧಾರವಲ್ಲ. ಆದರೂ ಅನ್ಯರ ಕಿವಿಯೊಂದು ಬೇಕೇ ಬೇಕು, ಆ ಕಿವಿ ಎದುರುಮಾತನ್ನೂ ಕೇಳಬಲ್ಲ ಕಿವಿಯಾಗಿರಬೇಕು ಎಂಬುದು ನನ್ನ ಮತ.

ಇದಕ್ಕೊಂದು ನಿದರ್ಶನವಿದೆ. ಬೀಟಲ್ಸ್ ಎಂದು ಜಗತ್ತೆಲ್ಲ ಬಲ್ಲ ಲಿವರ್‌ಪೂಲಿನ ಹುಡುಗರು 1962ರಲ್ಲಿ ತಮ್ಮೂರಿನ ಕ್ಯಾವರ್ನ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿಯೂ ಜರ್ಮನಿಯ ಹ್ಯಾಂಬರ್ಗಿನ ರಾತ್ರಿಕೂಟಗಳಲ್ಲಿಯೂ ಹಾಡಿ ಪಳಗಿದ್ದ ಸ್ಥಳೀಯ ಬ್ಯಾಂಡಷ್ಟೆ. ಆ ವರ್ಷದ ಮೊದಲ ದಿನವೇ ಅವರನ್ನು ಪರೀಕ್ಷಿಸಿದ ಡೆಕ್ಕಾ ಕಂಪನಿ ಬೇಡವೆಂದಿತ್ತು. ಅವರ ಕೈಹಿಡಿದ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ನರು ಇಎಂಐ ಸಂಸ್ಥೆಯ ಪಾರ್ಲೊಫೋನ್ ವಿಭಾಗದ ಮುಖ್ಯಸ್ಥರು, ಓಬೋ ವಾದ್ಯವನ್ನು ಶಾಸ್ತ್ರೋಕ್ತವಾಗಿ ಕಲಿತವರು. ಅದಕ್ಕಿಂತ ಮುಖ್ಯವಾಗಿ, ಪೀಟರ್ ಸೆಲ್ಲರ್ಸರಂಥ ವಿನೋದಗಾರರ ಹಾಸ್ಯವನ್ನು ಧ್ವನಿಮುದ್ರಿಕೆಗಿಳಿಸಿ, ನಗೆಯ ಲಯವೆಲ್ಲಿ ತಪ್ಪುವುದೆಂಬುದನ್ನು ಕ್ಷಣಮಾತ್ರದಲ್ಲಿ ಗುರುತಿಸಬಲ್ಲವರಾಗಿದ್ದರು. ರಾಕ್ ಸಂಗೀತದ ಪಾಂಡಿತ್ಯವು ಅವರಿಗಿರಲಿಲ್ಲವೆಂಬುದೇ ಲಾಭವಾಯಿತೆಂದು ನನಗೆ ತೋರುತ್ತದೆ.

ಮಾರ್ಟಿನ್ನರಿಗೂ ಹುಡುಗರಿಗೂ ನಡೆದ ಮೊದಲ ಜಗಳವು ಬೋಧಪ್ರದವಾದುದು. ವೃತ್ತಿಪರ ಗೀತಕಾರರೊಬ್ಬರು ಬರೆದ 'ಹೌ ಡು ಯು ಡು ಇಟ್' ಎಂಬ ಹಾಡು ಗೆಲ್ಲುವುದು ಖಂಡಿತವೆಂದು ಮಾರ್ಟಿನ್ನರು ಹಟ ಹಿಡಿದರು. ಹುಡುಗರು ಅದನ್ನು ಮುದ್ರಿಸಿಯೂ ಕೊಟ್ಟು, ಬಳಿಕ ಇದು ನಮ್ಮದಲ್ಲ, ನಮ್ಮ ಹಾಡೇ ಹೊರಬರಲಿ ಎಂದರು. ಮಾರ್ಟಿನ್ನರು ಮಣಿದರು. ಅದೇ ಹಾಡು 1963ರಲ್ಲಿ ಲಿವರ್‌ಪೂಲಿನ ಮತ್ತೊಂದು ಬ್ಯಾಂಡಿನ ಕಂಠದಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಅಗ್ರಸ್ಥಾನಕ್ಕೇರಿತೆಂದ ಮೇಲೆ, ಪೇಟೆಯನ್ನು ಕುರಿತ ಅವರ ಅಂದಾಜು ತಪ್ಪಾಗಿರಲಿಲ್ಲ. ತಮ್ಮ ತೀರ್ಪು ಸರಿಯಿರುವಾಗಲೂ ಬಿಟ್ಟುಕೊಡಬಲ್ಲವರು ಎಷ್ಟು ಮಂದಿ ಸಿಕ್ಕಾರು? ಇತ್ತ, ಬ್ಯಾಂಡಿನ ಜಾನ್ ಲೆನನ್ ವಿಲಂಬಗತಿಯಲ್ಲಿ ಕಟ್ಟಿ ತಂದಿದ್ದ 'ಪ್ಲೀಸ್ ಪ್ಲೀಸ್ ಮಿ' ಹಾಡಿನ ಗತಿಯನ್ನು ಹೆಚ್ಚಿಸಿರೆಂದು ಮಾರ್ಟಿನ್ನರು ಹೇಳಿದಾಗ, ಹುಡುಗರೂ ಮಾನಾಪಮಾನದ ಲೆಕ್ಕವಿಡದೆ ಹೆಚ್ಚಿಸಿದರು. ಎಲ್ಲ ಹಂತದಲ್ಲಿಯೂ ಹಿರಿಯರೇ ಸರಿಯೆಂದಲ್ಲ. ಬ್ಯಾಂಡಿನ ಡ್ರಮ್ ವಾದಕ ರಿಂಗೋ ಸ್ಟಾರರನ್ನು ಬದಿಗಿರಿಸಿ ಬಾಡಿಗೆಯ ಡ್ರಮ್ ವಾದಕರೊಬ್ಬರನ್ನು ಕೂರಿಸಿದ ಕಹಿ ಬಹುಕಾಲ ಉಳಿಯಿತು.

ಮೊದಲ ಆಲ್ಬಮಿನ 14 ಹಾಡುಗಳ ಪೈಕಿ 10ನ್ನು ಬೀಟಲ್ಸರು ಮುದ್ರಿಸಿದ್ದು 1963ರ ಫೆಬ್ರವರಿ 11ರಂದು, ಲಂಡನ್ನಿನ ಆಬೆ ರೋಡಿನ ಸ್ಟುಡಿಯೋದಲ್ಲಿ, ಬೆಳಗಿನಿಂದ ರಾತ್ರಿ ಹತ್ತು ಗಂಟೆ ಕಳೆಯುವ ತನಕ. ಯಂತ್ರದಲ್ಲಿ ಇದ್ದುದು ಎರಡೇ ಟ್ರ್ಯಾಕು. ಒಬ್ಬೊಬ್ಬರ ತಪ್ಪನ್ನು ಬಿಡಿಬಿಡಿಯಾಗಿ ತಿದ್ದಿ ಮುಚ್ಚುವ ಇಂದಿನ ಸೌಕರ್ಯವಿರಲಿಲ್ಲ. ಕ್ಯಾವರ್ನಿನಲ್ಲಿಯೇ ಮುದ್ರಿಸೋಣವೆಂದು ಮೊದಲು ಯೋಚಿಸಿ, ಅಲ್ಲಿ ನಾದ ಸರಿಯಾಗಿ ಹಿಡಿಯಲಾರದೆಂದು ಕೈಬಿಟ್ಟಿದ್ದ ಮಾರ್ಟಿನ್ನರು, ಆ ವೇದಿಕೆಯ ಬಿಸಿಯನ್ನೇ ಸ್ಟುಡಿಯೋದೊಳಕ್ಕೆ ತರಲೆಳಸಿದರು. ಶೀತದಿಂದ ಗಂಟಲು ಕೆಟ್ಟಿದ್ದ ಲೆನನ್ 'ಟ್ವಿಸ್ಟ್ ಅಂಡ್ ಶೌಟ್' ಹಾಡಿದರೆ ಮತ್ತೆ ಬಾಯಿಬಿಡಲಾರರೆಂದು ತಿಳಿದು, ಆ ಹಾಡನ್ನು ದಿನದ ಕಟ್ಟಕಡೆಗೆ ಇರಿಸಲಾಯಿತು. ಮೊದಲ ಸರದಿಯಲ್ಲಿಯೇ ಅದು ಸಿದ್ಧಿಸಿತು, ಎರಡನೆಯದಕ್ಕೆ ಕಂಠವೇ ಉಳಿದಿರಲಿಲ್ಲ. ಯಾವ ಹಾಡು ಯಾವ ಗಳಿಗೆಗೆ ಎಂಬ ಈ ವಿವೇಕವು ಯಾವ ಸಾಫ್ಟ್‌ವೇರಿನ ಪೆಟ್ಟಿಗೆಯಲ್ಲಿಯೂ ದೊರೆಯತಕ್ಕದ್ದಲ್ಲ. ಆದರೆ ವರ್ಷಗಟ್ಟಲೆ ವೇದಿಕೆಯಲ್ಲಿ ಬೆವರಿಳಿಸದೆ ಬಂದ ಬ್ಯಾಂಡಿಗೆ ಮಾರ್ಟಿನ್ನರಂಥವರು ದೊರೆತಿದ್ದರೂ ಒಂದೇ ದಿನದಲ್ಲಿ ಅಷ್ಟು ಹಾಡುಗಳು ಕೈಗೂಡುತ್ತಿರಲಿಲ್ಲವೆಂಬುದನ್ನೂ ಹೇಳಬೇಕು.

ಹಣದ ಮಾತನ್ನೂ ಆಡದಿರಲಾಗದು. ಆ ಆಲ್ಬಮ್ ಬ್ರಿಟನ್ನಿನ ಆಲ್ಬಮ್ ಪಟ್ಟಿಯ ತುದಿಯಲ್ಲಿ 30 ವಾರ ನಿಂತಿತು. ಮಾರ್ಟಿನ್ನರಿಗೆ ದೊರೆತದ್ದು ಮಾತ್ರ ನೌಕರನ ಸಂಬಳ, ಮಾರಾಟದಲ್ಲಿ ಪಾಲಿಲ್ಲ. 1965ರಲ್ಲಿ ಅವರು ಕೆಲಸ ಬಿಟ್ಟು ಸ್ವಂತ ಸಂಸ್ಥೆ ಕಟ್ಟಿದರು. ಬೀಟಲ್ಸರು ತಮಗೆ ಅವರೇ ಬೇಕೆಂದುದರಿಂದ, ಪಾಲು ಕೊಡಲೊಲ್ಲದ ಇಎಂಐ ಕಂಪನಿಯೇ ಅವರನ್ನು ಹೊರಗಿನವರಾಗಿ ಕರೆಸಿ, ಅದೇ ಸ್ಟುಡಿಯೋದಲ್ಲಿ ಅದೇ ಕೆಲಸಕ್ಕೆ ಬೇರೆಯಾಗಿ ಹಣ ತೆರಬೇಕಾಯಿತು.